ಬಿಗಿಕಡ್ಡಿ

ಶಿಕಾರಿಪುರ, ಸೊರಬ ಸೀಮೆಯ ಹಳೆಯ ಮನೆಗಳಲ್ಲಿ ಅಟ್ಟ ಹತ್ತಿ ಹುಡುಕಿದರೆ ಕೀಲಿಕೈ ಕಳೆದುಹೋದ ಬೀಗವೊಂದು ಸಿಗುವುದು ಅಪರೂಪವಲ್ಲ. ಈಗ ಅಂಥ ಬೀಗ ಎದುರಾದರೆ ಗ್ರೈಂಡರ್ ತರಿಸಿ ಕೊಂಡಿ ಕೊಯ್ಯುತ್ತಾರೆ. ಕ್ಷಣದಲ್ಲಿ ಕೆಲಸ ಮುಗಿಯುತ್ತದೆ, ಬೀಗ ಗುಜರಿಗೆ ಹೋಗುತ್ತದೆ. ಕೊಯ್ಯದೆ ತೆಗೆಯುವ ವಿದ್ಯೆಯೂ ಇದೆ. ಅದನ್ನು ಯಾರಿಗೆ, ಎಷ್ಟು ಕಲಿಸಬೇಕು ಎಂಬುದು ನನ್ನೊಳಗೆ ಬಗೆಹರಿಯದ ಪ್ರಶ್ನೆ. ಅದಕ್ಕಾಗಿ ಇಲ್ಲಿ ಇಬ್ಬರನ್ನು ಎದುರುಬದುರು ಕೂರಿಸಿದ್ದೇನೆ. ಒಬ್ಬರು ಸೊರಬದ ಕಡೆಯ ಅಜ್ಜ. ಕಮ್ಮಾರರ ಮನೆತನ, ಸಂತೆಯಿಂದ ಸಂತೆಗೆ ಹೋಗಿ ಕೊಡೆ, ಬೀಗ ರಿಪೇರಿ ಮಾಡಿ ಬದುಕಿದವರು. ಇನ್ನೊಬ್ಬಳು ಶಿಕಾರಿಪುರದ ಹುಡುಗಿ. ಡಿಪ್ಲೊಮಾ ಓದಿದವಳು, ಬೀಗ ಬಿಚ್ಚುವುದನ್ನು ಹವ್ಯಾಸ ಮಾಡಿಕೊಂಡವಳು. ಜಾಗ ಶಿರಾಳಕೊಪ್ಪದ ಒಂದು ಅಂಗಡಿಕಟ್ಟೆ. ಇಬ್ಬರ ನಡುವೆ ಒಂದು ಕಬ್ಬಿಣದ ಬೀಗ.

ಹುಡುಗಿ: ಅಜ್ಜ, ಇದು ಅಮ್ಮನ ತವರಿನ ಪೆಟ್ಟಿಗೆಯ ಬೀಗ. ಪೆಟ್ಟಿಗೆಯನ್ನು ಗೆದ್ದಲು ತಿಂದು ಮುಗಿಸಿತು. ಚಿಲಕದ ಸಮೇತ ಇದೊಂದು ಉಳಿದಿದೆ. ಕೀಲಿಕೈ ಇಲ್ಲ.

ಅಜ್ಜ: ಪೆಟ್ಟಿಗೆಯೇ ಇಲ್ಲ ಅಂದಮೇಲೆ ಬೀಗ ತೆಗೆದು ಆಗಬೇಕಾದ್ದೇನು ಮಾರಾಯ್ತಿ?

ಹುಡುಗಿ: ನನಗೆ ಬೀಗವೇ ಬೇಕು. ಇದರ ಹೊಟ್ಟೆಯಲ್ಲಿ ಏನಿದೆ ಅಂತ ನೋಡಬೇಕು, ಕೊಯ್ಯದೆ ನೋಡಬೇಕು. ಮಾವಿನಕಾಯಿಯ ಆಕಾರ ನೋಡಿದರೆ ತಮಿಳುನಾಡಿನ ದಿಂಡಿಗಲ್ಲಿನದು ಅಂತ ನನ್ನ ಅಂದಾಜು.

ಅಜ್ಜ: ಇದ್ದೀತು. ದಿಂಡಿಗಲ್ಲಿನವರು ತಗಡು ಕತ್ತರಿಸುವುದರಿಂದ ಹಿಡಿದು ಲಿವರ್ ತಿಕ್ಕುವವರೆಗೆ ಕೈಯಲ್ಲೇ ಮಾಡಿದವರು. ಒಂದರ ಕೀಲಿಕೈ ಇನ್ನೊಂದಕ್ಕೆ ಆಗೋದಿಲ್ಲ ಅನ್ನೋದು ಅವರ ಹೆಮ್ಮೆ.

ಹುಡುಗಿ: 2019ರಲ್ಲಿ ಆ ಬೀಗಕ್ಕೆ ಜಿಐ ಮಾನ್ಯತೆಯೂ ಸಿಕ್ಕಿತು.

ಅಜ್ಜ: ಮಾನ್ಯತೆ ಸಿಗುವ ಹೊತ್ತಿಗೆ ಕೊಳ್ಳುವವರು ಕಾರ್ಖಾನೆ ಬೀಗಕ್ಕೆ ತಿರುಗಿ ಆಗಿತ್ತು. ಅದಿರಲಿ, ಚೀಲದಲ್ಲಿ ಏನೇನು ತಂದಿದೀಯ ತೋರಿಸು.

ಹುಡುಗಿ: ಟೆನ್ಶನ್ ಕಡ್ಡಿಗಳು. ಎಲ್ಲ ನಾನೇ ಮಾಡಿದ್ದು. ವೈಪರ್ ರಬ್ಬರಿನ ಒಳಗೆ ಉದ್ದಕ್ಕೆ ಎರಡು ಉಕ್ಕಿನ ಪಟ್ಟಿ ಇರ್ತವಲ್ಲ, ಅವನ್ನು ಗ್ಯಾರೇಜಿನಿಂದ ತಂದು ತುದಿ ಬಗ್ಗಿಸಿದ್ದು.

ಅಜ್ಜ: ನಾವು ಇದನ್ನು ಬಿಗಿಕಡ್ಡಿ ಅಂತೀವಿ. ಇಷ್ಟೊಂದು ಯಾಕೆ?

ಹುಡುಗಿ: ಒಂದೊಂದು ಬೀಗಕ್ಕೆ ಒಂದೊಂದು ಬೇಕು ಅಜ್ಜ. ಪಿನ್ನಿನ ಬೀಗ ತಗೊಳ್ಳಿ. ಅಮೆರಿಕದ ಲೈನಸ್ ಯೇಲ್ 1861ರಲ್ಲಿ ಪೇಟೆಂಟ್ ಪಡೆದ ಜಾತಿಯದು. ಅದರ ಕಿಂಡಿಯೇ ಸಣ್ಣದು. ಅಷ್ಟರಲ್ಲೇ ಪಿನ್ನು ಎತ್ತುವ ಕಡ್ಡಿಯೂ ಹೋಗಬೇಕು, ಒಳಗಿನ ದಿಂಡನ್ನು ತಿರುಗುವ ಕಡೆಗೆ ಒತ್ತಿ ಬಿಗಿ ಕೊಡುವ ಕಡ್ಡಿಯೂ ಹೋಗಬೇಕು. ಪಿನ್ನಿನಿಂದ ದೂರದ ಅಂಚಿನಲ್ಲಿ ತೆಳು ಪಟ್ಟಿ ಇಟ್ಟರೆ ಹಾಕುವುದು ಸುಲಭ, ಆದರೆ ಎತ್ತುವ ಕಡ್ಡಿಗೆ ಜಾಗ ಸಾಲೋದಿಲ್ಲ. ಪಿನ್ನಿನ ಕಡೆಯ ಅಂಚಿಗೆ ದಪ್ಪನೆಯ ಗಿಡ್ಡ ತುದಿ ಸಿಕ್ಕಿಸಿದರೆ ಕಿಂಡಿ ಪೂರ್ತಿ ಖಾಲಿ ಉಳೀತದೆ. ಆದರೆ ಆ ತುದಿಯನ್ನು ಕಿಂಡಿಯ ಅಳತೆಗೇ ತಿಕ್ಕಿರಬೇಕು. ಕೂದಲೆಳೆ ಸಡಿಲ ಇದ್ದರೂ ಅಲ್ಲಾಡಿ ಬಿದ್ದುಹೋಗ್ತದೆ.

ಅಜ್ಜ: ತೆಳು ಪಟ್ಟಿಗೆ ಇನ್ನೊಂದು ದೋಷ ಇದೆ. ಅದು ತಾನೇ ಬಳುಕ್ತದೆ. ಒಳಗಡೆ ಪಿನ್ನು ಕೂತ ಸಣ್ಣ ಅದುರು ಬೆರಳಿಗೆ ಬರೋ ಮೊದಲೇ ಪಟ್ಟಿಯಲ್ಲಿ ಇಂಗಿಹೋಗ್ತದೆ.

ಹುಡುಗಿ: ಹೌದು. ಆದರೆ ಹೊಸಬರಿಗೆ ಬಳುಕುವುದೇ ಒಳ್ಳೇದು. ಎಲ್ಲರೂ ಮೊದಲು ಮಾಡುವ ತಪ್ಪು ಜಾಸ್ತಿ ಒತ್ತುವುದು. ಒತ್ತಿ ಹಿಡಿದರೆ ಎಲ್ಲ ಪಿನ್ನೂ ಒಟ್ಟಿಗೆ ಕಚ್ಚಿಕೊಳ್ತವೆ, ಯಾವುದು ಮೊದಲು ಅಂತ ತಿಳಿಯೋದೇ ಇಲ್ಲ. ಬೆರಳ ತುದಿಯ ಭಾರ ಸಾಕು.

ಅಜ್ಜ: ಎಲ್ಲಾ ಬೀಗಕ್ಕೂ ಸಾಕಾಗೋದಿಲ್ಲ ಕಣಮ್ಮಾ. ಕೊಂಡಿ ಒತ್ತಿದರೆ ಟಕ್ಕಂತ ಕೂರುವ ಬೀಗ ಇದೆಯಲ್ಲ, ಅದರೊಳಗೆ ಕೊಂಡಿಯನ್ನು ಹಿಡಿಯುವ ನಾಲಗೆಯನ್ನು ಹಿಂದಕ್ಕೆ ದೂಡುವ ಸ್ಪ್ರಿಂಗ್ ಇರ್ತದೆ. ನೀನು ಎಷ್ಟು ತಿರುಗಿಸ್ತೀಯೋ ಅದೂ ಅಷ್ಟೇ ತಿರುಗಿ ದೂಡ್ತದೆ. ಅಲ್ಲಿ ಮೊದಲು ಸ್ಪ್ರಿಂಗಿಗೆ ಬೇಕಾದ ಬಲ ಕೊಟ್ಟು, ಅದರ ಮೇಲೆ ಬೆರಳಿನ ಭಾರ ಇಡಬೇಕು. ಕೀಲಿಕೈ ತಿರುಗಿಸಿಯೇ ಹಾಕುವ ಬೀಗದಲ್ಲಿ ಆ ತಕರಾರು ಇಲ್ಲ. ಹೊರಗಿಂದ ನೋಡಲು ಎರಡೂ ಒಂದೇ ಥರ.

ಹುಡುಗಿ: ಇದನ್ನು ನನಗೆ ಯಾರೂ ಹೇಳಿರಲಿಲ್ಲ. ಅಂಥ ಬೀಗದಲ್ಲಿ ನನ್ನ ಪಟ್ಟಿ ಎಲ್ಲಾ ಬಗ್ಗಿಹೋಗ್ತಿತ್ತು.

ಅಜ್ಜ: ಬಗ್ಗಿಹೋಗುವುದಕ್ಕೆ ಹದವೂ ಕಾರಣ. ಇದನ್ನು ಹೇಗೆ ಬಗ್ಗಿಸಿದೆ?

ಹುಡುಗಿ: ಗ್ಯಾಸ್ ಒಲೆಯಲ್ಲಿ ಕೆಂಪಗೆ ಕಾಯಿಸಿ, ಇಕ್ಕಳದಲ್ಲಿ.

ಅಜ್ಜ: ಆಮೇಲೆ?

ಹುಡುಗಿ: ಆಮೇಲೆ ಆರಲು ಬಿಟ್ಟೆ.

ಅಜ್ಜ: ಅಲ್ಲೇ ಇರೋದು ನೋಡು. ಕೆಂಪಗೆ ಕಾಯಿಸಿ ತಾನಾಗಿ ಆರಲು ಬಿಟ್ಟರೆ ಉಕ್ಕು ಮೆತ್ತಗಾಗ್ತದೆ. ಕೆಂಪಗಿರುವಾಗಲೇ ಎಣ್ಣೆಗೋ ನೀರಿಗೋ ಅದ್ದಬೇಕು. ಆಗ ಗಾಜಿನ ಹಾಗೆ ಪೆಡಸಾಗ್ತದೆ, ಬಗ್ಗಿಸಿದರೆ ಪಟ್ಟನೆ ಮುರೀತದೆ. ಆ ಪೆಡಸು ಇಳಿಸಬೇಕು. ಉಜ್ಜಿ ಬೆಳ್ಳಗೆ ಮಾಡಿ, ಸಣ್ಣ ಉರಿಯ ಮೇಲೆ ದೂರದಿಂದ ಕಾಯಿಸ್ತಾ ಬಾ. ಮೊದಲು ಒಣಹುಲ್ಲಿನ ಬಣ್ಣ ಬರ್ತದೆ, ಆಮೇಲೆ ಕಂದು, ನೇರಳೆ, ಕೊನೆಗೆ ನೀಲಿ. ಉಳಿಗಾದರೆ ಹುಲ್ಲಿನ ಬಣ್ಣಕ್ಕೇ ನಿಲ್ಲಿಸಬೇಕು. ಬಳುಕಿ ಮತ್ತೆ ನೆಟ್ಟಗಾಗುವ ವಸ್ತುವಿಗೆ ನೀಲಿ ಬರುವ ತನಕ ಕಾಯಬೇಕು.

ಹುಡುಗಿ: ನಮ್ಮ ಪುಸ್ತಕದಲ್ಲಿ ಆ ನೀಲಿಗೆ ಸುಮಾರು 300 ಡಿಗ್ರಿ ಸೆಲ್ಸಿಯಸ್ ಅಂತ ಇದೆ.

ಅಜ್ಜ: ನನಗೆ ಡಿಗ್ರಿ ಗೊತ್ತಿಲ್ಲ, ಬಣ್ಣ ಗೊತ್ತು. ಇಷ್ಟೆಲ್ಲ ರಗಳೆ ಬೇಡ ಅಂದರೆ ಕೊಡೆಕಡ್ಡಿ ತಗೋ. ಮಲೆನಾಡಿನಲ್ಲಿ ಮುರಿದ ಕೊಡೆಗೆ ಬರವೇ? ಕೆಲವು ಕೊಡೆಯ ಕಡ್ಡಿ ಒಳ್ಳೇ ಉಕ್ಕಿನದು. ಸೈಕಲ್ ಕಡ್ಡಿಯೂ ಆದೀತು, ತುದಿಯನ್ನು ಅಡಿಗಲ್ಲಿನ ಮೇಲೆ ಬಡಿದು ಚಪ್ಪಟೆ ಮಾಡಿಕೊಂಡರೆ. ಆದರೆ ನಿನ್ನ ಈ ಮಾವಿನ ಬೀಗಕ್ಕೆ ಇವು ಯಾವುವೂ ಬರೋದಿಲ್ಲ.

ಹುಡುಗಿ: ಅದಕ್ಕೇ ನಿಮ್ಮನ್ನು ಹುಡುಕಿ ಬಂದದ್ದು.

ಅಜ್ಜ: ಮುಚ್ಚಳ ಸರಿಸಿ ಕಿಂಡಿಯೊಳಗೆ ಬೆಳಕು ಬಿಟ್ಟು ನೋಡು. ನಡುವೆ ಒಂದು ಮೊಳೆ ನಿಂತಿದೆಯಾ? ಇದರ ಕೀಲಿಕೈ ಕೊಳವೆ ಥರದ್ದು, ಆ ಮೊಳೆಯ ಮೇಲೆ ಕೂತು ತಿರುಗ್ತದೆ. ಇಲ್ಲಿ ಪಿನ್ನಿಲ್ಲ, ತಿರುಗುವ ದಿಂಡಿಲ್ಲ. ಒಂದರ ಮೇಲೊಂದು ಲಿವರ್ ತಗಡು, ಪ್ರತಿಯೊಂದಕ್ಕೂ ಒಂದು ಸೀಳು. ನಾಲಗೆಯ ಮೇಲೆ ಒಂದು ಗೂಟ. ಎಲ್ಲಾ ಸೀಳೂ ಒಂದೇ ಸಾಲಿಗೆ ಬಂದರೆ ಗೂಟ ಒಳಗೆ ನುಗ್ಗಿ ನಾಲಗೆ ಸರೀತದೆ. ಒಂದು ತಗಡು ಕೆಳಗಿದ್ದರೂ ಆಗೋದಿಲ್ಲ, ಮೇಲೆ ಹೋದರೂ ಆಗೋದಿಲ್ಲ.

ಹುಡುಗಿ: ರಾಬರ್ಟ್ ಬ್ಯಾರನ್ ಅನ್ನುವ ಇಂಗ್ಲೆಂಡಿನವನು 1778ರಲ್ಲಿ ತಂದ ಏರ್ಪಾಡು ಅದೇ. ಅಂದರೆ ಇಲ್ಲಿ ಬಿಗಿ ಕೊಡಬೇಕಾದ್ದು ನಾಲಗೆಗೆ.

ಅಜ್ಜ: ನಾಲಗೆಗೇ. ಬೀಗ ಎಂಥದ್ದೇ ಇರಲಿ, ಕೊನೆಗೆ ಸರಿಯಬೇಕಾದ ಭಾಗ ಯಾವುದು ಅಂತ ಮೊದಲು ಕೇಳಿಕೋ, ಕಡ್ಡಿ ಆಮೇಲೆ ಆರಿಸು. ಇದಕ್ಕೆ ಹೀಗೆ ಮಾಡಬೇಕು. ಆ ಮೊಳೆಗೆ ಕೂರುವಂಥ ಯಾವುದಾದರೂ ಹಳೇ ಕೊಳವೆ ಕೀಲಿಕೈ ತಗೋ. ಅದರ ಹಲ್ಲನ್ನು ಅರದಲ್ಲಿ ತಿಕ್ಕಿ, ನಾಲಗೆ ಮುಟ್ಟುವಷ್ಟು ಒಂದೇ ಎಳೆ ಉಳಿಸು. ಅದು ನಿನ್ನ ಬಿಗಿಕಡ್ಡಿ. ಪಕ್ಕದಲ್ಲಿ ಉಳಿದ ಜಾಗದಿಂದ ಮೊಳಕೈ ಬಗ್ಗಿಸಿದ ತಂತಿ ಬಿಟ್ಟು ತಗಡು ಎತ್ತು. ಬಿಗಿ ಇದ್ದಾಗ ಯಾವ ತಗಡು ಗಡುಸಾಗಿದೆಯೋ ಅದರ ಸರದಿ ಮೊದಲು.

ಹುಡುಗಿ: ನಾನು ಟ್ರಾನ್ಸಿಸ್ಟರ್ ರೇಡಿಯೋದ ಏರಿಯಲ್ ಕೊಳವೆ ಯೋಚಿಸಿದ್ದೆ. ಒಂದರೊಳಗೊಂದು ಕೂರುವ ಕೊಳವೆಗಳು, ಬೇಕಾದ ಅಳತೆ ಸಿಗ್ತದೆ.

ಅಜ್ಜ: ಹಿತ್ತಾಳೆಯದು ಮೆತ್ತಗೆ. ಹಲ್ಲು ಬಗ್ಗಿ ಒಳಗೇ ಸಿಕ್ಕಿಕೊಂಡರೆ ಗ್ರೈಂಡರೇ ಗತಿ.

ಹುಡುಗಿ: ಇದಕ್ಕಿಂತ ಹಳೆಯವು? ಹಲ್ಲೂ ಇಲ್ಲ, ಲಿವರೂ ಇಲ್ಲ ಅನ್ನುವಂಥವು?

ಅಜ್ಜ: ತಿರುಪಿನ ಬೀಗ ಇದೆ. ಕೀಲಿಕೈಯೇ ತಿರುಪು. ತಿರುಗಿಸಿದಂತೆ ಒಳಗಿನ ನಾಲಗೆಯನ್ನು ಸ್ಪ್ರಿಂಗಿನ ವಿರುದ್ಧ ಎಳ್ಕೊಂಡು ಬರ್ತದೆ. ಅದಕ್ಕೆ ಸುತ್ತು ಹೊಂದುವ ಸ್ಕ್ರೂ ಹುಡುಕಬೇಕು, ಬಿಗಿಕಡ್ಡಿಗೆ ಕೆಲಸವಿಲ್ಲ. ಇನ್ನೊಂದು, ಕೀಲಿಕೈಯನ್ನು ತಿರುಗಿಸದೆ ಸುಮ್ಮನೆ ಒಳಗೆ ದೂಡುವ ಬೀಗ. ಒಳಗೆ ಅಂಬಿನ ರೆಕ್ಕೆಯ ಹಾಗೆ ಅಗಲಿಸಿಕೊಂಡ ಸ್ಪ್ರಿಂಗ್ ಪಟ್ಟಿ ಇರ್ತವೆ, ಕೀಲಿಕೈ ಅವನ್ನು ಅಮುಕಿ ಒಟ್ಟು ಮಾಡ್ತದೆ. ಅಲ್ಲಿ ಬಿಗಿ ಅಂದರೆ ತಿರುಚುವುದಲ್ಲ, ಎಳೆಯುವುದು. ಕೊಂಡಿಯ ಸರಳನ್ನು ಹೊರಕ್ಕೆ ಮೆಲ್ಲಗೆ ಎಳೆದುಕೊಂಡು ರೆಕ್ಕೆ ಅಮುಕಬೇಕು. ಜೋರಾಗಿ ಎಳೆದೆಯೋ, ರೆಕ್ಕೆ ಕಚ್ಚಿ ಕೂರ್ತದೆ.

ಹುಡುಗಿ: ಹೊಸ ಕಾಲದ್ದರಲ್ಲಿ ಬಿಲ್ಲೆಯ ಬೀಗ ಹಾಗೆ. ಫಿನ್ಲೆಂಡಿನ ಎಮಿಲ್ ಹೆನ್ರಿಕ್ಸನ್ 1907ರಲ್ಲಿ ಕಂಡುಹಿಡಿದದ್ದು. ಸ್ಪ್ರಿಂಗೇ ಇಲ್ಲ, ಸಾಲಾಗಿ ಬಿಲ್ಲೆಗಳು. ಬಿಗಿ ಮುಂದಿನ ಬಿಲ್ಲೆಗೋ ಹಿಂದಿನ ಬಿಲ್ಲೆಗೋ ಕೊಡಬೇಕು, ಅದು ಬೀಗದಿಂದ ಬೀಗಕ್ಕೆ ಬೇರೆ. ಅಲನ್ ಕೀ ತಿಕ್ಕಿ ಒಂದು ಮಾಡಿದ್ದೇನೆ, ಇನ್ನೂ ಪಳಗಿಲ್ಲ. ನೀವು ಹೇಳಿದ್ದನ್ನೆಲ್ಲ ಬರೆದಿಟ್ಟುಕೊಳ್ತೇನೆ ಅಜ್ಜ. ರಜೆಯಲ್ಲಿ ಶಿಕಾರಿಪುರದಲ್ಲಿ ಹೈಸ್ಕೂಲ್ ಮಕ್ಕಳಿಗೆ ಒಂದು ಶಿಬಿರ ಮಾಡಬೇಕು ಅಂತಿದೀನಿ.

ಇಲ್ಲಿಯವರೆಗೆ ಒಂದೇ ಕಡೆ ಸಾಗಿದ್ದ ಮಾತು ಇಲ್ಲಿ ಕವಲೊಡೆಯುತ್ತದೆ.

ಅಜ್ಜ: ಏನು ಶಿಬಿರ?

ಹುಡುಗಿ: ಬೀಗ ಬಿಚ್ಚುವ ಶಿಬಿರ. ಬಿಗಿಕಡ್ಡಿ ಮಾಡುವುದರಿಂದಲೇ ಶುರು.

ಅಜ್ಜ: ಬೇಡ. ಬೀಗ ಬಿಚ್ಚಿ ತೋರಿಸು, ಜೋಡಿಸಲು ಕಲಿಸು, ಅರ ಹಿಡಿಯಲು ಕಲಿಸು, ಕೀಲಿಕೈ ತಿಕ್ಕಲು ಕಲಿಸು. ಬಿಗಿಕಡ್ಡಿ ಬೇಡ.

ಹುಡುಗಿ: ಕೀಲಿಕೈ ಆಗಬಹುದು, ಕಡ್ಡಿ ಆಗಬಾರದು. ಯಾಕೆ ಈ ಭೇದ?

ಅಜ್ಜ: ನಾನು ಕೀಲಿಕೈ ಮಾಡಿಕೊಟ್ಟರೆ ಅದು ಬೀಗದವನ ಮನೆಗೆ ಹೋಗ್ತದೆ. ನನ್ನ ಕೈಯಲ್ಲಿ ಏನೂ ಉಳಿಯೋದಿಲ್ಲ. ಕಡ್ಡಿಯಲ್ಲಿ ತೆಗೆದರೆ ಬೀಗದವನಿಗೆ ಆ ಹೊತ್ತಿನ ಕೆಲಸ ಮಾತ್ರ ಆಯಿತು, ತೆಗೆಯುವ ಶಕ್ತಿ ತೆಗೆದವನ ಕೈಯಲ್ಲೇ ಉಳಿಯಿತು. ನಾಳೆ ಮತ್ತೆ ಬಂದು ತೆಗೆದರೂ ಗುರುತು ಹತ್ತೋದಿಲ್ಲ. ಮುರಿದು ತೆಗೆದರೆ ಮುರಿದದ್ದಾದರೂ ಕಾಣ್ತದೆ.

ಹುಡುಗಿ: ನೀವು ಕೀಲಿಕೈ ಹೇಗೆ ಮಾಡ್ತೀರಿ ಅಂತ ನೋಡಿದೀನಿ ಅಜ್ಜ. ಖಾಲಿ ಕೀಲಿಕೈಗೆ ದೀಪದ ಮಸಿ ಹಿಡಿಸಿ ಒಳಗೆ ಹಾಕ್ತೀರಿ. ತಿರುಚಿ ಅಲ್ಲಾಡಿಸ್ತೀರಿ. ಮಸಿ ಎಲ್ಲಿ ಅಳಿಸಿದೆ ನೋಡಿ ಅಲ್ಲಿ ಅರ ಹಾಕ್ತೀರಿ. ಆ ತಿರುಚುವುದೇ ಬಿಗಿ ಅಲ್ಲವಾ? ನಿಮ್ಮ ಖಾಲಿ ಕೀಲಿಕೈಯೇ ಬಿಗಿಕಡ್ಡಿ. ವಿದ್ಯೆ ಒಂದೇ.

ಅಜ್ಜ: ವಿದ್ಯೆ ಒಂದೇ, ಒಪ್ಪಿದೆ. ಆದರೆ ನಾನು ಅದನ್ನು ಮಾಡುವಾಗ ಬೀಗದವನು ಎದುರಿಗೆ ಕೂತಿರ್ತಾನೆ. ಬೀಗ ನಿನ್ನದೇ ಅನ್ನೋದಕ್ಕೆ ಊರಿನವರು ಒಬ್ಬರಾದರೂ ಹೇಳಬೇಕು ಅಂತ ನಮ್ಮ ಅಪ್ಪ ಕಟ್ಟಳೆ ಮಾಡಿದ್ದರು. ಒಂದೂರಲ್ಲಿ ಹೆಸರು ಕೆಟ್ಟರೆ ಯಾವ ಸಂತೆಯಲ್ಲೂ ಕೂರುವ ಹಾಗಿಲ್ಲ. ಶಿಬಿರಕ್ಕೆ ಬಂದುಹೋಗುವ ಮಕ್ಕಳಿಗೆ ಆ ಕಟ್ಟು ಎಲ್ಲಿದೆ?

ಹುಡುಗಿ: ಹವ್ಯಾಸದವರಿಗೂ ಕಟ್ಟು ಇದೆ. ಎರಡೇ ನಿಯಮ. ನಿನ್ನದಲ್ಲದ ಬೀಗ ಮುಟ್ಟಬೇಡ, ನಿನ್ನದೇ ಆದರೂ ಬಳಕೆಯಲ್ಲಿರುವ ಬೀಗ ಮುಟ್ಟಬೇಡ. ಜರ್ಮನಿ, ನೆದರ್ಲೆಂಡ್ಸ್ ದೇಶಗಳಲ್ಲಿ ಇದಕ್ಕೆ ಸಂಘಗಳಿವೆ, ಸ್ಪರ್ಧೆ ನಡೀತವೆ. ಬಳಕೆಯಲ್ಲಿಲ್ಲದ ಬೀಗ ಅಂತಲೇ ಇದನ್ನು ತಂದದ್ದು ನಾನು.

ಅಜ್ಜ: ನೀನು ಪಾಲಿಸ್ತೀಯ, ಅದರಲ್ಲಿ ಅನುಮಾನವಿಲ್ಲ. ಆದರೆ ಪೊಲೀಸರಿಗೆ ನಿನ್ನ ಎರಡು ನಿಯಮ ಗೊತ್ತಿಲ್ಲ, ಅವರಿಗೆ ಗೊತ್ತಿರೋದು 1963ರ ಕರ್ನಾಟಕ ಪೊಲೀಸ್ ಕಾಯ್ದೆ. ಕತ್ತಲಾದ ಮೇಲೆ ಕನ್ನ ಹಾಕುವ ಸಾಮಾನು ಇಟ್ಟುಕೊಂಡು ಸಿಕ್ಕಿ, ಯಾಕೆ ಅಂತ ಸರಿಯಾದ ಕಾರಣ ಹೇಳದೆ ಹೋದರೆ ಅದೇ ಅಪರಾಧ. ಹದಿನಾಲ್ಕು ವರ್ಷದ ಹುಡುಗನ ಜೇಬಿನಲ್ಲಿ ಈ ಪಟ್ಟಿ ಸಿಕ್ಕಿದರೆ ಅವನು ಏನು ಹೇಳಬೇಕು?

ಹುಡುಗಿ: ಅದು ಸರಿಯಾದ ಮಾತು. ಕಡ್ಡಿಗಳು ಶಿಬಿರದಲ್ಲೇ ಉಳೀತವೆ, ಮಕ್ಕಳ ಜೊತೆ ಹೋಗೋದಿಲ್ಲ. ಅಷ್ಟನ್ನು ಬದಲಾಯಿಸ್ತೇನೆ. ಆದರೆ ವಿದ್ಯೆ ಮುಚ್ಚಿಟ್ಟರೆ ಕಳ್ಳರಿಗೆ ಸಿಗೋದಿಲ್ಲ ಅನ್ನೋದನ್ನು ನಾನು ಒಪ್ಪೋದಿಲ್ಲ. 1851ರಲ್ಲಿ ಲಂಡನ್ನಿನ ಮಹಾಪ್ರದರ್ಶನಕ್ಕೆ ಬಂದಿದ್ದ ಹಾಬ್ಸ್ ಅನ್ನುವ ಅಮೆರಿಕದವನು ಚಬ್ ಕಂಪನಿಯ ಬೀಗವನ್ನು ಅರ್ಧ ಗಂಟೆಯೊಳಗೆ ತೆಗೆದ. ಅದು ಲಿವರ್ ಬೀಗವೇ. ತಗಡನ್ನು ಜಾಸ್ತಿ ಎತ್ತಿದರೆ ಸಿಕ್ಕಿಬಿದ್ದು ಯಜಮಾನನಿಗೆ ತಿಳಿಸುವ ಬೀಗ. ಆಮೇಲೆ ಬ್ರಾಮಾ ಕಂಪನಿಯ ಬೀಗ. ತೆಗೆದವರಿಗೆ 200 ಗಿನಿ ಅಂತ ಅಂಗಡಿಯ ಕಿಟಕಿಯಲ್ಲಿ ಎಷ್ಟೋ ವರ್ಷದಿಂದ ಸವಾಲು ಇಟ್ಟಿದ್ದರು. 16 ದಿನದಲ್ಲಿ ಒಟ್ಟು 51 ಗಂಟೆ ಕೂತು ಅದನ್ನೂ ತೆಗೆದ. ಆಗ ಕಂಪನಿಯವರು ತೆಗೆದ ತಕರಾರು ಕೇಳಿ. ಬೀಗಕ್ಕೆ ಒಂದು ಉಪಕರಣ ಕಟ್ಟಿಟ್ಟು ಬಿಗಿ ಸಡಿಲದ ಹಾಗೆ ಮಾಡಿದ್ದಾನೆ, ಇದು ನ್ಯಾಯವಲ್ಲ ಅಂತ. ತೀರ್ಪುಗಾರರು ಹಾಬ್ಸ್‌ಗೇ ಹಣ ಕೊಡಿಸಿದರು.

ಅಜ್ಜ: ಬಿಗಿಕಡ್ಡಿಯ ಮೇಲೇ ಜಗಳ!

ಹುಡುಗಿ: ಅದರ ಮೇಲೇ. ದೋಷ ತೋರಿಸಿದರೆ ಕಳ್ಳರಿಗೆ ಪಾಠ ಹೇಳಿದಂತೆ ಅಂತ ಕೆಲವರು ಅಂದರು. ಕಳ್ಳರು ನಮಗಿಂತ ಮೊದಲೇ ಕಲಿತಿರ್ತಾರೆ, ಗೊತ್ತಿಲ್ಲದೆ ಇರುವವರು ಬೀಗ ಕೊಳ್ಳುವವರು ಮಾತ್ರ ಅಂತ ಇನ್ನು ಕೆಲವರು ಅಂದರು. ನಾನು ಎರಡನೆಯವರ ಕಡೆ.

ಅಜ್ಜ: ಆ ಹಾಬ್ಸ್ ಹೊಟ್ಟೆಪಾಡಿಗೆ ಏನು ಮಾಡ್ತಿದ್ದ?

ಹುಡುಗಿ: ಬೀಗದ ಕಂಪನಿಯೊಂದರ ಪರವಾಗಿ ಬಂದವನು.

ಅಜ್ಜ: ಹಾಗೆ ಹೇಳು. ತನ್ನ ಬೀಗ ಮಾರಲು ಬಂದು ಬೇರೆಯವರ ಬೀಗ ತೆಗೆದ.

ಹುಡುಗಿ: ಅದೂ ನಿಜ. ಆ ಕಂಪನಿಯ ಬೀಗವನ್ನು ಮುಂದೆ ಯೇಲ್ ತೆಗೆದು ತೋರಿಸಿದ. ಹಾಗೆ ಒಬ್ಬರದನ್ನೊಬ್ಬರು ತೆಗೆದದ್ದರಿಂದಲೇ ಬೀಗ ಸುಧಾರಿಸಿತು.

ಅಜ್ಜ: ಯಾರ ಬೀಗ ಸುಧಾರಿಸಿತು? ಬ್ಯಾಂಕಿನದು, ದುಡ್ಡಿದ್ದವರದು. ಇವತ್ತು ನೀನು ಇಂಥ ಬೀಗ ಸುಲಭಕ್ಕೆ ತೆಗೀಬಹುದು ಅಂತ ಊರಿಗೆಲ್ಲ ತೋರಿಸಿದರೆ ಪೇಟೆಯ ಅಂಗಡಿಯವನು ನಾಳೆ ಹೊಸದು ತರ್ತಾನೆ. ಅಡಿಕೆ ಒಣಗಿಸಿ ಕೋಣೆಯಲ್ಲಿ ಇಟ್ಟ ಸಣ್ಣ ಹಿಡುವಳಿಯವನು, ಕೂಲಿಗೆ ಹೋಗುವಾಗ ಬಾಗಿಲಿಗೆ ಅಗ್ಗದ ಬೀಗ ಹಾಕಿ ಹೋಗುವವಳು, ಅವರು ಎಲ್ಲಿಂದ ತರ್ತಾರೆ? ಅವರ ಬೀಗ ಅಲ್ಲೇ ನೇತಾಡ್ತಿರ್ತದೆ. ನಿನ್ನ ಪಾಠದ ಖರ್ಚು ಅವರ ತಲೆಗೆ ಬರ್ತದೆ.

ಹುಡುಗಿ ತಕ್ಷಣ ಉತ್ತರ ಕೊಡುವುದಿಲ್ಲ. ನನ್ನ ಮಟ್ಟಿಗೆ ಅಜ್ಜನ ವಾದದಲ್ಲಿ ಎಲ್ಲಕ್ಕಿಂತ ತೂಕದ ಮಾತು ಇದು. ವಿದ್ಯೆ ಬಯಲಾಗಲಿ ಎನ್ನುವವರು ಸಾಮಾನ್ಯವಾಗಿ ಈ ಲೆಕ್ಕ ಹಾಕುವುದೇ ಇಲ್ಲ.

ಹುಡುಗಿ: ಅವರ ಮನೆಗೆ ಕಡ್ಡಿ ಹಿಡಿದು ಯಾರು ಹೋಗ್ತಾರೆ ಅಜ್ಜ? ಕಬ್ಬಿಣದ ಸಲಾಕೆ ಸಿಕ್ಕಿಸಿ ಚಿಲಕವನ್ನೇ ಕಿತ್ತರೆ ಆಯಿತು. ಬೀಗಕ್ಕೆ ಕೊಟ್ಟ ಬೆಲೆಯ ಕಾಲು ಭಾಗ ಚಿಲಕದ ಸ್ಕ್ರೂಗಳಿಗೆ ಖರ್ಚು ಮಾಡಿದರೆ ಆ ಬಾಗಿಲು ಎಷ್ಟೋ ಗಟ್ಟಿಯಾದೀತು. ಸಣ್ಣ ಸ್ಕ್ರೂ ಬದಲು ಹಲಗೆಯ ಆಚೆಗೆ ಹಾಯುವ ಬೋಲ್ಟು, ಒಳಗಡೆಯಿಂದ ನಟ್ಟು. ಈ ಮಾತು ಹೇಳಬೇಕು ಅಂದರೆ ಬೀಗ ಏನು ತಡೀತದೆ, ಏನು ತಡೆಯೋದಿಲ್ಲ ಅಂತ ಮೊದಲು ಕೈಯಾರೆ ತಿಳಿದಿರಬೇಕು. ಬೀಗವನ್ನು ಕಣ್ಣುಮುಚ್ಚಿ ನಂಬುವವರಿಗೆ ಚಿಲಕದ ಕಡೆ ನೋಡಬೇಕು ಅಂತಲೇ ಹೊಳೆಯೋದಿಲ್ಲ.

ಅಜ್ಜ: ಚಿಲಕದ ಮಾತು ನೂರಕ್ಕೆ ನೂರು ಸರಿ. ಹಲಗೆ ಕುಂಬಾಗಿದ್ದರೆ ಯಾವ ಬೀಗ ಹಾಕಿ ಏನು ಫಲ? ಆದರೆ ಅದನ್ನು ಹೇಳಲು ಮಕ್ಕಳ ಕೈಗೆ ಬಿಗಿಕಡ್ಡಿ ಕೊಡಬೇಕಾಗಿಲ್ಲ.

ಹುಡುಗಿ: ಬಿಗಿ ಕೈಗೆ ತಾಗದೆ ಬೀಗ ಅರ್ಥವಾಗೋದಿಲ್ಲ. ಬಿಚ್ಚಿಟ್ಟ ಬೀಗದಲ್ಲಿ ಎಲ್ಲಾ ತಗಡೂ ಒಂದೇ ಥರ ಕಾಣ್ತವೆ. ಬಿಗಿ ಕೊಟ್ಟಾಗ ಒಂದು ಮಾತ್ರ ಗಡುಸು, ಉಳಿದವು ಸಡಿಲ. ಯಾಕೆ? ಎಲ್ಲವನ್ನೂ ಒಂದೇ ಅಳತೆಗೆ ಕೊರೆಯಲು ಯಾವ ಕೈಗೂ ಯಾವ ಯಂತ್ರಕ್ಕೂ ಪೂರ್ತಿ ಆಗೋದಿಲ್ಲ. ಆ ಕೂದಲೆಳೆಯ ವ್ಯತ್ಯಾಸ ಬೆರಳಿಗೆ ಬಂದಾಗ ಮಕ್ಕಳ ಮುಖ ನೋಡಬೇಕು ಅಜ್ಜ. ಅಳತೆ ಅಂದರೇನು ಅಂತ ಅವತ್ತು ಅವರಿಗೆ ತಿಳೀತದೆ. ಸೊರಬದ ಗುಡಿಗಾರರು ಗಂಧದ ಕೆತ್ತನೆಯನ್ನು ಮಕ್ಕಳಿಗೆ ಬಾಯಲ್ಲಿ ಹೇಳಿಕೊಟ್ಟರಾ? ಉಳಿ ಕೊಟ್ಟೇ ಕಲಿಸಿದರು.

ಅಜ್ಜ: ಉಳಿ ಹಿಡಿದ ಮಗು ತನ್ನ ಬೆರಳು ಕೊಯ್ದುಕೊಂಡೀತು. ಇದು ಇನ್ನೊಬ್ಬರ ಬಾಗಿಲು ತೆಗೆಯುವ ಸಾಮಾನು.

ಹುಡುಗಿ: ನಿಮ್ಮ ನಂತರ ಈ ಸಂತೆಯಲ್ಲಿ ಯಾರು ಕೂರ್ತಾರೆ?

ಅಜ್ಜ: ಯಾರೂ ಇಲ್ಲ. ನನ್ನ ಮಕ್ಕಳು ಬೇರೆ ಕೆಲಸ ಹಿಡಿದರು, ನಾನೇ ಬೇಡ ಅಂದೆ.

ಹುಡುಗಿ: ಹಾಗಾದರೆ ಊರವರು ಹೇಳಿದ ಮೇಲೇ ಬೀಗ ಮುಟ್ಟುವ ಆ ಕಟ್ಟಳೆಯೂ ನಿಮ್ಮ ಜೊತೆಗೇ ಹೋಗ್ತದೆ. ಗ್ರೈಂಡರ್ ಹಿಡಿದವನು ಯಾರನ್ನೂ ಕೇಳೋದಿಲ್ಲ.

ಅಜ್ಜ: ಅದು ನನಗೂ ನೋವಿನ ಮಾತೇ. ಆದರೂ ನನ್ನ ಮನಸ್ಸು ಒಪ್ಪೋದಿಲ್ಲ. ದೊಡ್ಡವರಿಗೆ ಕಲಿಸು, ಹೆಸರು ಬರೆಸಿಕೊಂಡು ಕಲಿಸು. ಐಟಿಐ ಮುಗಿಸಿದ ಹುಡುಗರಿಗೆ, ಜೀವನಕ್ಕೆ ದಾರಿ ಆಗುವ ಹಾಗೆ ಕಲಿಸು. ನಾನೇ ಬಂದು ಕುಲುಮೆ ಹಚ್ಚಿ ಹದ ಹಾಕುವುದು ತೋರಿಸ್ತೇನೆ. ಹೈಸ್ಕೂಲ್ ಮಕ್ಕಳಿಗೆ ಬೇಡ.

ಹುಡುಗಿ: ನಾನು ಹೈಸ್ಕೂಲಿನಲ್ಲಿದ್ದಾಗಲೇ ಕಲಿತದ್ದು ಅಜ್ಜ. ಆಗ ಕಲಿಯದಿದ್ದರೆ ಡಿಪ್ಲೊಮಾಕ್ಕೆ ಹೋಗ್ತಿದ್ದೆನೋ ಇಲ್ಲವೋ. ಶಿಬಿರ ಬಿಡೋದಿಲ್ಲ. ಹೆಸರು ಬರೆಸಿಕೊಳ್ಳುವುದು, ತಂದೆತಾಯಿ ಎದುರಿಗೇ ಕೂರುವುದು, ಅದನ್ನು ಸೇರಿಸ್ತೇನೆ.

ಅಜ್ಜ: ಹಾಗಿದ್ದರೂ ನಾನು ಬರೋದಿಲ್ಲ. ಸರಿ, ಇದರ ಕೆಲಸ ನೋಡೋಣ. ಮೊದಲು ತುಕ್ಕು. ಇದನ್ನು ಸೀಮೆಎಣ್ಣೆಯಲ್ಲಿ ಮುಳುಗಿಸಿ ರಾತ್ರಿಯೆಲ್ಲ ಬಿಡು. ನಮ್ಮ ಕಡೆಯ ಮಳೆಗೆ ಕಬ್ಬಿಣ ಒಳಗೊಳಗೇ ಹಿಡಿದಿರ್ತದೆ. ತುಕ್ಕಿನ ಗಡುಸು ಯಾವುದು, ಗೂಟ ಕಚ್ಚಿದ ಗಡುಸು ಯಾವುದು ಅಂತ ನನ್ನ ಕೈಗೇ ತಿಳಿಯೋದಿಲ್ಲ, ನಿನಗೆ ಹೇಗೆ ತಿಳೀತದೆ? ಕೊಬ್ಬರಿ ಎಣ್ಣೆ ಮಾತ್ರ ಬಿಡಬೇಡ. ಆಮೇಲೆ ಅಂಟಾಗಿ ಧೂಳು ಹಿಡೀತದೆ. ತೆಗೆದಾದ ಮೇಲೆ ಪೆನ್ಸಿಲ್ ಸೀಸದ ಪುಡಿ ಊದು, ಅಷ್ಟು ಸಾಕು.

ಹುಡುಗಿ: ತೆಗೆದ ಮೇಲೆ ತಗಡಿನ ಅಳತೆ ನೋಡಿ ಕೀಲಿಕೈ ತಿಕ್ಕಿಕೊಡ್ತೀರಾ?

ಅಜ್ಜ: ಅದು ನನ್ನ ಕೆಲಸ. ಎರಡು ಮಾಡ್ತೇನೆ. ಒಂದು ನಿನಗೆ, ಒಂದು ನಿನ್ನ ಅಮ್ಮನಿಗೆ.

ಶಿಬಿರದ ಮಾತು ಇಬ್ಬರೂ ಇತ್ಯರ್ಥ ಮಾಡಿಕೊಳ್ಳದೆ ಎದ್ದಿದ್ದಾರೆ. ನನಗೂ ಅದನ್ನು ಇತ್ಯರ್ಥ ಮಾಡಲು ಆಗಿಲ್ಲ. ಅಜ್ಜ ಹಾಕಿದ ಖರ್ಚಿನ ಲೆಕ್ಕಕ್ಕೆ ಹುಡುಗಿಯ ಬಳಿ ಪೂರ್ತಿ ಉತ್ತರವಿಲ್ಲ, ನಂತರ ಯಾರು ಎಂಬ ಹುಡುಗಿಯ ಪ್ರಶ್ನೆಗೆ ಅಜ್ಜನ ಬಳಿ ಉತ್ತರವಿಲ್ಲ. ಓದುಗರಲ್ಲಿ ಒಂದು ಕೋರಿಕೆ ಮಾತ್ರ ಇದೆ. ನಿಮ್ಮ ಮನೆಯಲ್ಲಿ ಕೀಲಿಕೈ ಇಲ್ಲದ ಹಳೆಯ ಬೀಗವಿದ್ದರೆ ಗ್ರೈಂಡರ್ ತರಿಸುವ ಮೊದಲು ಸಂತೆಯಲ್ಲಿ ಬೀಗ ರಿಪೇರಿಗೆ ಕೂತವರಿಗೆ ಒಮ್ಮೆ ತೋರಿಸಿ. ಅವರು ಕೆಲಸ ಮಾಡುವಾಗ ಎದುರಿಗೇ ಕೂತು ನೋಡಿ. ತೆಗೆದ ಬೀಗವನ್ನು ಗುಜರಿಗೆ ಹಾಕಬೇಡಿ.